ನ್ಯೂಟೋನಿಯನ್‌ಗೆ ಕ್ಯಾಮೆರಾ ಜೋಡಿಸಿದರೆ ಫೋಕಸ್ ಸಿಗುತ್ತಿಲ್ಲ: ಕನ್ನಡಿ ದೂರದರ್ಶಕ ಛಾಯಾಗ್ರಹಣಕ್ಕೆ ಒಗ್ಗುವುದಿಲ್ಲವೇ?

ನಕ್ಷತ್ರಾನ್ವೇಷಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 150 ಮಿ.ಮೀ. ವ್ಯಾಸದ, 750 ಮಿ.ಮೀ. ನಾಭಿದೂರದ ನ್ಯೂಟೋನಿಯನ್ ದೂರದರ್ಶಕವಿದೆ, ಅಂದರೆ ತಳದ ಪ್ರಧಾನ ಕನ್ನಡಿ ಕೂಡಿಸಿದ ಬೆಳಕನ್ನು ಬಾಯಿ ಬಳಿಯ ಚಿಕ್ಕ ಓರೆ ಕನ್ನಡಿ ಪಕ್ಕಕ್ಕೆ ತಿರುಗಿಸುವ ಬಗೆಯದು. ಇಕ್ವಟೋರಿಯಲ್ ಮೌಂಟ್ (ಆಕಾಶದ ತಿರುಗಾಟವನ್ನು ಹಿಂಬಾಲಿಸುವ ಪೀಠ), ಎರಡೂ ಅಕ್ಷಗಳಿಗೆ ಮೋಟಾರು. ಐಪೀಸ್ ಹಾಕಿ ನೋಡಿದರೆ ಶನಿಯ ಬಳೆ, ಚಂದ್ರನ ಕುಳಿಗಳು, ಮಹಾವ್ಯಾಧದ ನೀಹಾರಿಕೆ ಎಲ್ಲವೂ ಚೊಕ್ಕಟವಾಗಿ ಕಾಣುತ್ತವೆ. ಇವನ್ನು ಚಿತ್ರವಾಗಿ ಉಳಿಸಿಕೊಳ್ಳುವ ಆಸೆಯಿಂದ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಟಿ-ರಿಂಗ್ (ಕ್ಯಾಮೆರಾವನ್ನು ದೂರದರ್ಶಕಕ್ಕೆ ಸೇರಿಸುವ ಉಂಗುರ) ಹಾಕಿ ಫೋಕಸರಿಗೆ (ಒಳಗೆ ಹೊರಗೆ ಸರಿದು ಫೋಕಸ್ ಹೊಂದಿಸುವ ಕೊಳವೆಗೆ) ಜೋಡಿಸಿದೆ. ಫೋಕಸರನ್ನು ಕೊನೆಯವರೆಗೆ ಒಳಗೆ ತಳ್ಳಿದರೂ ಚಂದ್ರ ಮಸುಕಾಗಿಯೇ ಉಳಿಯುತ್ತಾನೆ. ಇನ್ನು ಒಂದೆರಡು ಸೆಂಟಿಮೀಟರ್ ಒಳಗೆ ಹೋಗಿದ್ದರೆ ಸ್ಪಷ್ಟವಾಗುತ್ತಿತ್ತು ಎನಿಸುತ್ತದೆ, ಆದರೆ ಹೋಗಲು ಜಾಗವಿಲ್ಲ.

ನಾಭಿದೂರವನ್ನು ಇಮ್ಮಡಿಸುವ 2 ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ ಫೋಕಸ್ ಸಿಗುತ್ತದೆ. ಚಂದ್ರನ ಚಿತ್ರ ಚೆನ್ನಾಗಿಯೇ ಬಂತು. ನೀಹಾರಿಕೆ ಮಾತ್ರ ಕತ್ತಲಲ್ಲಿ ಹೂತುಹೋಯಿತು. ಗೆಳೆಯರೊಬ್ಬರ ಮಿರರ್‌ಲೆಸ್ ಕ್ಯಾಮೆರಾವನ್ನು ತೆಳುವಾದ ಅಡಾಪ್ಟರಿನೊಂದಿಗೆ ಹಾಕಿದಾಗ ಬಾರ್ಲೋ ಇಲ್ಲದೆಯೇ ಫೋಕಸ್ ಬಂತು. ಆಗ ಬೇರೆ ತೊಂದರೆ ಕಂಡಿತು: ನಡುವಿನ ನಕ್ಷತ್ರಗಳು ದುಂಡಗಿದ್ದರೆ ಮೂಲೆಯವು ಗೊದಮೊಟ್ಟೆಯ ಹಾಗೆ ಬಾಲ ಬಿಟ್ಟುಕೊಂಡಿದ್ದವು. ಗೆಳೆಯರು, "ಕನ್ನಡಿ ದೂರದರ್ಶಕ ನೋಡಲಿಕ್ಕೆ ಮಾತ್ರ, ಚಿತ್ರ ತೆಗೆಯಲು ಮಸೂರದ್ದೇ ಬೇಕು. ಇದನ್ನು ಮಾರಿ 80 ಮಿ.ಮೀ.ನದೊಂದು ಕೊಳ್ಳಿ" ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಅನುಭವಿಗಳು ದಾರಿ ತೋರಿಸಬೇಕು.

ಬಾನಂಗಳ ಉತ್ತರ:

ನಕ್ಷತ್ರಾನ್ವೇಷಿ ಅವರೇ, ದಯವಿಟ್ಟು ಮಾರಬೇಡಿ. ನಿಮ್ಮ ದೂರದರ್ಶಕ ಕೆಟ್ಟಿಲ್ಲ. ಅದನ್ನು ಕಣ್ಣಿಗೆಂದು ಕಟ್ಟಿದ್ದಾರೆ, ನೀವು ಅದರಿಂದ ಕ್ಯಾಮೆರಾದ ಕೆಲಸ ಕೇಳುತ್ತಿದ್ದೀರಿ. ಎರಡರ ನಡುವೆ ಇರುವುದು ಎರಡು ಮೂರು ಸೆಂಟಿಮೀಟರ್ ಅಂತರ ಮತ್ತು ಒಂದು ಚಿಕ್ಕ ಮಸೂರದ ಜೋಡಣೆ.

ಕನ್ನಡಿ ದೂರದರ್ಶಕ ಛಾಯಾಗ್ರಹಣಕ್ಕಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾನು ಕೈಯಾರೆ ಕನ್ನಡಿ ಉಜ್ಜಿದವನು, ಹಾಗಾಗಿ ಈ ಪಕ್ಷಪಾತ ನನಗಿದೆ ಎಂದೇ ಇಟ್ಟುಕೊಳ್ಳಿ. ಆದರೆ ಇತಿಹಾಸವೂ ನನ್ನ ಪಕ್ಷದಲ್ಲೇ ಇದೆ. 1883ರಲ್ಲಿ ಆಂಡ್ರೂ ಐನ್ಸ್ಲಿ ಕಾಮನ್ ಅವರು 36 ಇಂಚಿನ ಕನ್ನಡಿಯಿಂದ ಮಹಾವ್ಯಾಧದ ನೀಹಾರಿಕೆಯ ಚಿತ್ರ ತೆಗೆದಾಗ, ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಗಾಜಿನ ಫಲಕದ ಮೇಲೆ ಮೂಡಿದ್ದವು. 1888ರಲ್ಲಿ ಐಸಾಕ್ ರಾಬರ್ಟ್ಸ್ 20 ಇಂಚಿನ ಕನ್ನಡಿಯಿಂದ ದೇವಯಾನಿ ಗೆಲಾಕ್ಸಿಯ ಚಿತ್ರ ತೆಗೆದರು. ಅದರ ಸುರುಳಿ ರೂಪ ಬೆಳಕಿಗೆ ಬಂದದ್ದು ಆ ಚಿತ್ರದಿಂದ. ಕಾಮನ್ ಅವರ ದೂರದರ್ಶಕ ಮುಂದೆ ಕ್ರಾಸ್ಲಿ ಎಂಬ ಹೆಸರು ಹೊತ್ತು 1895ರಲ್ಲಿ ಲಿಕ್ ವೀಕ್ಷಣಾಲಯ ಸೇರಿತು. ಅಲ್ಲಿ ಜೇಮ್ಸ್ ಕೀಲರ್ ಅದರಿಂದ ತೆಗೆದ ಚಿತ್ರಗಳಲ್ಲಿ ಮಂಕಾದ ಸುರುಳಿಗಳು ಎಷ್ಟೊಂದು ಕಂಡವೆಂದರೆ, ಆಕಾಶದಲ್ಲಿ ಅವು ಸಾಮಾನ್ಯ ಎಂಬುದು ಖಚಿತವಾಯಿತು. 1923ರಲ್ಲಿ ಎಡ್ವಿನ್ ಹಬಲ್ ದೇವಯಾನಿಯಲ್ಲಿ ಸೆಫೀಡ್ ಎಂಬ, ಹೊಳಪು ಏರಿಳಿಯುವ ನಕ್ಷತ್ರವನ್ನು ಗುರುತಿಸಿದ್ದೂ 100 ಇಂಚಿನ ಕನ್ನಡಿಯಿಂದ ತೆಗೆದ ಫಲಕದ ಮೇಲೆ. ನಿಮ್ಮ 150 ಮಿ.ಮೀ. ಕನ್ನಡಿ ಅದೇ ವಂಶದ್ದು.

ಈಗ ಫೋಕಸಿನ ವಿಚಾರ. ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರು ಕ್ಯಾಮೆರಾದ ಬಾಯಿಯಲ್ಲಿ ಇರುವುದಿಲ್ಲ. ಕ್ಯಾನನ್‌ನ ಇಎಫ್ ಮಾದರಿಯಲ್ಲಿ ಅದು 44 ಮಿ.ಮೀ. ಒಳಗಿದೆ. ಟಿ-ರಿಂಗ್ ಸೇರಿದರೆ ಒಟ್ಟು 55 ಮಿ.ಮೀ. ಕಣ್ಣಿಗಾಗಿ ಮಾಡಿದ ನ್ಯೂಟೋನಿಯನ್‌ನಲ್ಲಿ ಬೆಳಕು ಕೂಡುವ ತಾಣ ಫೋಕಸರಿನ ಬಾಯಿಂದ ಅಷ್ಟು ಹೊರಗೆ ಬರುವುದೇ ಇಲ್ಲ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಅಂತರ 16ರಿಂದ 20 ಮಿ.ಮೀ. ಆಸುಪಾಸಿನಲ್ಲಿರುವುದರಿಂದ ನಿಮ್ಮ ಗೆಳೆಯರ ಕ್ಯಾಮೆರಾದಲ್ಲಿ ಚಿತ್ರ ಕೂಡಿತು. ಅಡಾಪ್ಟರು ತೆಳುವಾಗಿತ್ತು ಎಂದು ನೀವು ಬರೆದದ್ದು ಮುಖ್ಯ. ಮಿರರ್‌ಲೆಸ್‌ಗೆಂದು ಮಾರುವ ಸಾಮಾನ್ಯ ಟಿ-ರಿಂಗುಗಳು ಉದ್ದನೆಯವು, ಬೇಕೆಂದೇ ಅಂತರವನ್ನು ಮತ್ತೆ 55ಕ್ಕೆ ತರುತ್ತವೆ.

ಎಷ್ಟು ಕೊರತೆ ಇದೆ ಎಂಬುದನ್ನು ಊಹಿಸಬೇಡಿ, ಅಳೆಯಿರಿ. ಐಪೀಸ್ ತೆಗೆದು, ಫೋಕಸರನ್ನು ಪೂರ್ತಿ ಒಳಗೆ ತಳ್ಳಿ, ದೂರದರ್ಶಕವನ್ನು ಚಂದ್ರನ ಕಡೆ ತಿರುಗಿಸಿ. ಫೋಕಸರಿನ ಮುಂದೆ ಟ್ರೇಸಿಂಗ್ ಕಾಗದ ಹಿಡಿದು ಹಿಂದೆ ಮುಂದೆ ಸರಿಸಿದರೆ ಒಂದು ಕಡೆ ಸುಮಾರು 7 ಮಿ.ಮೀ. ಅಗಲದ ಚಂದ್ರಬಿಂಬ ಸ್ಪಷ್ಟವಾಗಿ ನಿಲ್ಲುತ್ತದೆ. ಫೋಕಸರಿನ ಬಾಯಿಂದ ಆ ಕಾಗದಕ್ಕೆ ಇರುವ ದೂರವನ್ನು 55ರಿಂದ ಕಳೆಯಿರಿ. ಉದಾಹರಣೆಗೆ 32 ಮಿ.ಮೀ. ಬಂದರೆ ಕೊರತೆ 23. ಹೊಂದಿಸಲು ಸ್ವಲ್ಪ ಜಾಗ ಬೇಕಾದ್ದರಿಂದ 27 ಅಥವಾ 28 ಎಂದು ಹಿಡಿಯಿರಿ. ಈ ಪ್ರಯೋಗವನ್ನು ಸೂರ್ಯನ ಕಡೆ ತಿರುಗಿಸಿ ಎಂದಿಗೂ ಮಾಡಬಾರದು. ಕಣ್ಣೂ ಹೋಗುತ್ತದೆ, ಕಾಗದವೂ ಹೊತ್ತಿಕೊಳ್ಳುತ್ತದೆ.

ಆ ಕೊರತೆ ತುಂಬಲು ಬಾರ್ಲೋ ಸುಲಭದ ದಾರಿ, ಆದರೆ ಅದು ಎಫ್/5 ಅನ್ನು (ನಾಭಿದೂರವನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು) ಎಫ್/10 ಮಾಡುತ್ತದೆ. ಸೆನ್ಸರಿನ ಪ್ರತಿ ಬಿಂದುವಿಗೆ (ಪಿಕ್ಸೆಲಿಗೆ) ನಾಲ್ಕನೇ ಒಂದು ಪಾಲು ಬೆಳಕು. ನಿಮ್ಮ ನೀಹಾರಿಕೆ ಕತ್ತಲಾದದ್ದು ಅದಕ್ಕೇ. ಎತ್ತರ ಕಡಿಮೆಯಿರುವ ಫೋಕಸರ್ ಹಾಕಿಸುವುದು ಒಂದು ಉಪಾಯ. ನನಗೆ ಹೆಚ್ಚು ಹಿಡಿಸುವುದು ಪ್ರಧಾನ ಕನ್ನಡಿಯನ್ನೇ ಕೊಳವೆಯೊಳಗೆ ಮೇಲಕ್ಕೆ ಸರಿಸುವುದು. ಕನ್ನಡಿ 25 ಮಿ.ಮೀ. ಮೇಲೆ ಬಂದರೆ ನಾಭಿಯೂ ಅಷ್ಟೇ ಹೊರಗೆ ಬರುತ್ತದೆ. ಉದ್ದನೆಯ ಬೋಲ್ಟು, ಬಿಗಿ ಸ್ಪ್ರಿಂಗು ಹಾಕಿ ಇಷ್ಟು ದೂರ ಸರಿಸುವವರಿದ್ದಾರೆ, ಅದು ಅಲುಗಾಡುತ್ತದೆ. ಕನ್ನಡಿಯ ತಟ್ಟೆಯನ್ನು ಕೊಳವೆಗೆ ಹಿಡಿದಿರುವ ತಿರುಪುಗಳಿಗೆ ಹೊಸ ತೂತು ಕೊರೆದು ಇಡೀ ತಟ್ಟೆಯನ್ನೇ ಮೇಲೆ ಕೂಡಿಸುವುದು ಗಟ್ಟಿ ಕೆಲಸ. ಕೊರೆಯುವ ಮೊದಲು ಎರಡೂ ಕನ್ನಡಿಗಳನ್ನು ಹೊರತೆಗೆದು ಮುಚ್ಚಿಡಿ. ಲೋಹದ ಚೂರು ಅಲ್ಯೂಮಿನಿಯಂ ಲೇಪದ ಮೇಲೆ ಬೀಳಬಾರದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನಾಭಿ 25 ಮಿ.ಮೀ. ಹೊರಗೆ ಹೋದಾಗ, ಎಫ್/5ರಲ್ಲಿ ಚಿಕ್ಕ ಕನ್ನಡಿಯ ಬಳಿ ಬೆಳಕಿನ ಶಂಕು 5 ಮಿ.ಮೀ. ಹೆಚ್ಚು ಅಗಲವಾಗಿರುತ್ತದೆ. ಚಿಕ್ಕ ಕನ್ನಡಿ ಅದಕ್ಕೆ ಸಾಲದಿದ್ದರೆ ಪ್ರಧಾನ ಕನ್ನಡಿಯ ಅಂಚಿನ ಬೆಳಕು ವ್ಯರ್ಥ. ಛಾಯಾಗ್ರಹಣಕ್ಕೆಂದೇ ಮಾಡಿದ ನ್ಯೂಟೋನಿಯನ್‌ಗಳಲ್ಲಿ ಚಿಕ್ಕ ಕನ್ನಡಿ ದೊಡ್ಡದಿರುವುದು ಈ ಕಾರಣಕ್ಕೆ. ನಿಮ್ಮದರ ಅಡ್ಡಳತೆ ಎಷ್ಟಿದೆ ನೋಡಿ ತಿಳಿಸಿ.

ಮೂಲೆಯ ಬಾಲಗಳಿಗೆ ಬರೋಣ. ಅದರ ಹೆಸರು ಕೋಮಾ. ಪ್ಯಾರಾಬೊಲ ಕನ್ನಡಿ ತನ್ನ ಅಕ್ಷದ ಮೇಲಿನ ನಕ್ಷತ್ರವನ್ನು ಕರಾರುವಾಕ್ಕಾಗಿ ಬಿಂದುವಾಗಿಸುತ್ತದೆ, ಅಕ್ಷದಿಂದ ಸರಿದದ್ದನ್ನು ಎಳೆಯುತ್ತದೆ. ಕನ್ನಡಿಯ ಆಕಾರ ಎಷ್ಟು ನಾಜೂಕಿನದು ಎಂದರೆ, ನಿಮ್ಮ ಕನ್ನಡಿಯ ನಡುವಿನ ತಗ್ಗು 2 ಮಿ.ಮೀ.ಗಿಂತ ಕಡಿಮೆ, ಮತ್ತು ಗೋಳದ ಮೈಗೂ ಪ್ಯಾರಾಬೊಲದ ಮೈಗೂ ಅಂಚಿನಲ್ಲಿ ಇರುವ ವ್ಯತ್ಯಾಸ ಒಂದು ಮೈಕ್ರಾನಿಗಿಂತ ಕೊಂಚ ಹೆಚ್ಚು. ಆ ಒಂದು ಮೈಕ್ರಾನನ್ನು ಬೆರಳುಗಳಿಂದ ಉಜ್ಜಿ ತೆಗೆದು, ಫೂಕೋ ಅವರ ಅಲಗಿನ ಪರೀಕ್ಷೆಯಲ್ಲಿ ಅದರ ನೆರಳು ನೋಡಿದ ಮೇಲೆ ಕನ್ನಡಿಯ ಬಗ್ಗೆ ಹಗುರವಾಗಿ ಮಾತಾಡಲು ನನ್ನಿಂದ ಆಗುವುದಿಲ್ಲ. ಇರಲಿ. ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ ಮೂಲೆಯಲ್ಲಿ, ಅಂದರೆ ನಡುವಿನಿಂದ ಸುಮಾರು 13 ಮಿ.ಮೀ. ದೂರದಲ್ಲಿ, 750 ಮಿ.ಮೀ. ಎಫ್/5 ಕನ್ನಡಿಯ ಕೋಮಾ 27 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಉದ್ದವಿರುತ್ತದೆ. ವಾತಾವರಣದ ಕಲಕಾಟ ನಕ್ಷತ್ರವನ್ನು ಹಿಗ್ಗಿಸುವುದು ಸಾಮಾನ್ಯವಾಗಿ 2ರಿಂದ 4 ಆರ್ಕ್‌ಸೆಕೆಂಡ್ ಮಾತ್ರ. ಕೋಮಾ ಯಾಕೆ ಕಣ್ಣಿಗೆ ಹೊಡೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಮದ್ದು ಕೋಮಾ ಕರೆಕ್ಟರ್. ಬಾಡರ್, ಟೆಲಿ ವ್ಯೂ, ಸ್ಕೈ-ವಾಚರ್ ಮುಂತಾದವರು ಮಾಡುತ್ತಾರೆ. ಸಾಮಾನ್ಯವಾಗಿ ಅದರ ಹಿಂಬದಿಯಿಂದ ಸೆನ್ಸರಿಗೆ 55 ಮಿ.ಮೀ. ಇರಬೇಕು. ಡಿಎಸ್‌ಎಲ್‌ಆರ್ ಮತ್ತು ಟಿ-ರಿಂಗ್ ಸೇರಿ ಅಷ್ಟೇ ಆಗುತ್ತದೆಯಲ್ಲ, ಅಂದರೆ ಇಲ್ಲಿ ನಿಮ್ಮ ಹಳೆಯ ಕ್ಯಾಮೆರಾವೇ ಸುಲಭ. ಕೆಲವು ಕರೆಕ್ಟರುಗಳು ನಾಭಿಯನ್ನು ಒಳಕ್ಕೋ ಹೊರಕ್ಕೋ ಸ್ವಲ್ಪ ದೂಡುತ್ತವೆ. ಆದ್ದರಿಂದ ಕರೆಕ್ಟರು ಕೈಗೆ ಬಂದ ಮೇಲೆ ಅದರೊಂದಿಗೇ ಅಳೆದು, ಆನಂತರ ಕನ್ನಡಿ ಸರಿಸಿ. ತೂತು ಎರಡು ಸಲ ಕೊರೆಯುವಂತಾಗಬಾರದು.

ಮಸೂರಮಿತ್ರ ಉತ್ತರ:

ಬಾನಂಗಳ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲಾರೆ, ಆದರೆ ಗೆಳೆಯರ ಸಲಹೆಯನ್ನು ಅಷ್ಟು ಬೇಗ ತಳ್ಳಿಹಾಕುವುದೂ ಬೇಡ. ನಾನು 80 ಮಿ.ಮೀ. ವ್ಯಾಸದ, 480 ಮಿ.ಮೀ. ನಾಭಿದೂರದ ಮಸೂರ ದೂರದರ್ಶಕ ಬಳಸುತ್ತೇನೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಉದ್ದಕ್ಕೆ 2.6 ಡಿಗ್ರಿಗಿಂತ ಹೆಚ್ಚು ಆಕಾಶ ಸಿಗುತ್ತದೆ. ದೇವಯಾನಿ ಸುಮಾರು 3 ಡಿಗ್ರಿ ಹರಡಿದೆ, ಕೋನಕ್ಕೆ ತಿರುಗಿಸಿದರೆ ಚೌಕಟ್ಟಿನಲ್ಲಿ ಕೂರುತ್ತದೆ. 750 ಮಿ.ಮೀ.ನಲ್ಲಿ ಸಿಗುವುದು 1.7 ಡಿಗ್ರಿ ಮಾತ್ರ. ದೇವಯಾನಿಯ ಎರಡೂ ತುದಿ ಕತ್ತರಿಸಿಹೋಗುತ್ತವೆ. ಕೃತ್ತಿಕೆ ಇಕ್ಕಟ್ಟಾಗುತ್ತದೆ.

ಮತ್ತೊಂದು, ಮೌಂಟ್. ನನ್ನ ದೂರದರ್ಶಕ ಮೋಟು, ಹಗುರ. ಗಾಳಿ ಬೀಸಿದರೆ ನ್ಯೂಟೋನಿಯನ್‌ನ ಅಗಲ ಕೊಳವೆ ಹಾಯಿಯಾಗುತ್ತದೆ. ನಾನು ರಾತ್ರಿ ಹೊರಗಿಟ್ಟ ಕೂಡಲೇ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸಿ ಚಿತ್ರ ಶುರುಮಾಡುತ್ತೇನೆ. ಕನ್ನಡಿ ಸರಿಪಡಿಸುವ ಕೆಲಸವೇ ಇಲ್ಲ. ಮೋಡವಿಲ್ಲದ ಗಂಟೆಗಳು ಅಪರೂಪವಾದವರಿಗೆ ಇದು ದೊಡ್ಡ ವಿಷಯ. ಯಾವ ವಸ್ತುಗಳ ಚಿತ್ರ ಬೇಕು, ಮೌಂಟ್ ಎಷ್ಟು ತೂಕ ಹೊರುತ್ತದೆ ಎಂಬುದನ್ನು ಹೇಳದೆ ಯಾವುದು ಮೇಲು ಎಂದು ತೀರ್ಮಾನಿಸುವುದು ಕಷ್ಟ.

ಬಾನಂಗಳ ಉತ್ತರ:

ಮಸೂರಮಿತ್ರ ಅವರ ಮಾತು ನ್ಯಾಯವಾದದ್ದು. ಹರಡಿಕೊಂಡ ವಸ್ತುಗಳಿಗೆ, ಚಿಕ್ಕ ಮೌಂಟಿಗೆ 80 ಮಿ.ಮೀ. ಮಸೂರ ಒಳ್ಳೆಯ ಸಂಗಾತಿ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಇವರ ಕೈಯಲ್ಲಿ 150 ಮಿ.ಮೀ. ಈಗಾಗಲೇ ಇದೆ.

ಲೆಕ್ಕ ಹಾಕಿ ನೋಡಿ. ವ್ಯಾಸದ ವರ್ಗದ ಪ್ರಕಾರ 150 ಮಿ.ಮೀ. ಕನ್ನಡಿಗೆ 80 ಮಿ.ಮೀ. ಮಸೂರದ ಮೂರೂವರೆ ಪಟ್ಟು ಬೆಳಕು ಬೀಳುತ್ತದೆ. ಚಿಕ್ಕ ಕನ್ನಡಿಯ ಅಡ್ಡಿಗೆ 50 ಮಿ.ಮೀ. ಎಂದು ಹಿಡಿದು ನೂರಕ್ಕೆ 11 ಕಳೆಯಿರಿ. ಸಾಧಾರಣ ಲೇಪದ ಎರಡು ಕನ್ನಡಿಗಳಲ್ಲಿ ಹೀರಿಹೋಗುವ ಬೆಳಕಿಗೆ ನೂರಕ್ಕೆ 20ರಷ್ಟು ಕಳೆಯಿರಿ. ಆದರೂ ಸುಮಾರು ಎರಡೂವರೆ ಪಟ್ಟು ಉಳಿಯುತ್ತದೆ. ಎಂ51ರಂತಹ 11 ಆರ್ಕ್‌ಮಿನಿಟಿನ ಗೆಲಾಕ್ಸಿಗಳಲ್ಲಿ, ಎಂ13ರಂತಹ ಗೋಳಗುಚ್ಛಗಳಲ್ಲಿ, ಚಿಕ್ಕ ಗ್ರಹೀಯ ನೀಹಾರಿಕೆಗಳಲ್ಲಿ ಈ ಬೆಳಕೂ ಉದ್ದನೆಯ ನಾಭಿದೂರವೂ ಕೆಲಸಕ್ಕೆ ಬರುತ್ತವೆ. ಸೆನ್ಸರಿನ ಬಿಂದು 4.3 ಮೈಕ್ರಾನ್ ಇದ್ದರೆ 750 ಮಿ.ಮೀ.ನಲ್ಲಿ ಪ್ರತಿ ಬಿಂದುವಿಗೆ ಸುಮಾರು 1.2 ಆರ್ಕ್‌ಸೆಕೆಂಡ್ ಬರುತ್ತದೆ. ಸಾಮಾನ್ಯ ಆಕಾಶಕ್ಕೆ ಇದು ಹದವಾದ ಅಳತೆ. ಇನ್ನು ಬಣ್ಣ: ಕನ್ನಡಿ ಕೆಂಪನ್ನೂ ನೀಲಿಯನ್ನೂ ಒಂದೇ ಕಡೆ ಕೂಡಿಸುತ್ತದೆ. ಅಗ್ಗದ ಮಸೂರಗಳಲ್ಲಿ ಪ್ರಕಾಶಮಾನ ನಕ್ಷತ್ರಗಳ ಸುತ್ತ ಬರುವ ನೀಲಿ ಹೊಗೆ ಇಲ್ಲಿಲ್ಲ.

ಮೌಂಟಿನ ವಿಷಯದಲ್ಲಿ ಮಾತ್ರ ನಾನು ಅವರಿಗಿಂತಲೂ ಕಟ್ಟುನಿಟ್ಟು. ತಯಾರಕರು ಬರೆದಿರುವ ತೂಕದ ಮಿತಿ ಕಣ್ಣಿನ ವೀಕ್ಷಣೆಗೆ. ಛಾಯಾಗ್ರಹಣಕ್ಕೆ ಅದರ ಅರ್ಧದಿಂದ ಮೂರನೇ ಎರಡು ಪಾಲಿನೊಳಗೆ ನಿಲ್ಲಬೇಕು. ಕ್ಯಾಮೆರಾ ಕೊಳವೆಯ ಪಕ್ಕಕ್ಕೆ ಚಾಚಿಕೊಂಡು ನೇತಾಡದಂತೆ, ಉಂಗುರಗಳಲ್ಲಿ ಕೊಳವೆಯನ್ನು ತಿರುಗಿಸಿ ಅದನ್ನು ಮೌಂಟ್ ಕಡೆಗೆ ತನ್ನಿ. ತೂಗಾಟ ಕಡಿಮೆಯಾಗುತ್ತದೆ.

ಗುರುಶನಿ ಉತ್ತರ:

ನಾನು ನೀಹಾರಿಕೆಗಳ ಕಡೆ ಹೋಗುವವನಲ್ಲ, ಗ್ರಹಗಳೇ ನನ್ನ ಲೋಕ. ಒಂದು ಮಾತು ಸೇರಿಸುತ್ತೇನೆ: ನೀವು ಮೂಲೆಗಿಟ್ಟ ಬಾರ್ಲೋವನ್ನು ಎಸೆಯಬೇಡಿ. ಗ್ರಹಗಳಿಗೆ ಅದೇ ಬೇಕು.

ನನ್ನದು 200 ಮಿ.ಮೀ. ವ್ಯಾಸದ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್, ಅಂದರೆ ಕೈಯಿಂದ ತಳ್ಳುವ ಸರಳ ಪೀಠದ ಮೇಲಿನ ನ್ಯೂಟೋನಿಯನ್. ಮೋಟಾರಿಲ್ಲ. 2.9 ಮೈಕ್ರಾನ್ ಬಿಂದುಗಳ ಚಿಕ್ಕ ಕ್ಯಾಮೆರಾಕ್ಕೆ ಎರಡೂವರೆ ಪಟ್ಟಿನ ಬಾರ್ಲೋ ಹಾಕಿದರೆ ಎಫ್/15, ನಾಭಿದೂರ 3000 ಮಿ.ಮೀ. ಎಫ್ ಸಂಖ್ಯೆ ಬಿಂದುವಿನ ಮೈಕ್ರಾನಿನ ಐದು ಪಟ್ಟಿನ ಹತ್ತಿರ ಇರಲಿ ಎಂಬುದು ನಮ್ಮ ಕೈಲೆಕ್ಕ. 45 ಆರ್ಕ್‌ಸೆಕೆಂಡ್ ಅಗಲದ ಗುರು ಅದರಲ್ಲಿ ಇನ್ನೂರಿಪ್ಪತ್ತಕ್ಕಿಂತ ಹೆಚ್ಚು ಬಿಂದು ಅಗಲಕ್ಕೆ ಬರುತ್ತಾನೆ. ಗ್ರಹವನ್ನು ಚೌಕಟ್ಟಿನ ಒಂದು ಬದಿಗೆ ಇಟ್ಟು ಮತ್ತೊಂದು ಬದಿಗೆ ಸಾಗಲು ಬಿಟ್ಟು ವಿಡಿಯೊ ತೆಗೆಯುತ್ತೇನೆ, ಮತ್ತೆ ತಳ್ಳಿ ಮೊದಲಿನ ಜಾಗಕ್ಕೆ ತರುತ್ತೇನೆ. ಸಾವಿರಾರು ಚೌಕಟ್ಟುಗಳಲ್ಲಿ ಗಾಳಿ ಶಾಂತವಾಗಿದ್ದ ಕ್ಷಣಗಳವನ್ನು ಆರಿಸಿ ಒಂದರ ಮೇಲೊಂದು ಕೂಡಿಸುತ್ತದೆ ಸಾಫ್ಟ್‌ವೇರ್. ಗುರು ತನ್ನ ಸುತ್ತ 10 ಗಂಟೆಗೂ ಕಡಿಮೆ ಸಮಯದಲ್ಲಿ ತಿರುಗುವುದರಿಂದ ಎರಡು ಮೂರು ನಿಮಿಷಕ್ಕಿಂತ ಉದ್ದದ ವಿಡಿಯೊದಲ್ಲಿ ವಿವರ ಕದಡುತ್ತದೆ. ನಕ್ಷತ್ರಾನ್ವೇಷಿ ಅವರ 150 ಮಿ.ಮೀ. ಇದಕ್ಕೆ ಧಾರಾಳ ಸಾಕು, ಮೋಟಾರು ಬೇರೆ ಇದೆ.

ಕಾಲಿಮೇಷನ್, ಅಂದರೆ ಕನ್ನಡಿಗಳನ್ನು ಒಂದೇ ಅಕ್ಷಕ್ಕೆ ಹೊಂದಿಸುವುದರ ಬಗ್ಗೆ ಯಾರೂ ಇನ್ನೂ ಬರೆದಿಲ್ಲವಲ್ಲ. ಗ್ರಹಗಳಲ್ಲಿ ಅದೇ ಸರ್ವಸ್ವ.

ನಕ್ಷತ್ರಾನ್ವೇಷಿ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಕೋಮಾ ಕರೆಕ್ಟರ್ ಬಂತು. ಅದರೊಂದಿಗೇ ಅಳೆದು, ಕನ್ನಡಿಯ ತಟ್ಟೆಯನ್ನು 26 ಮಿ.ಮೀ. ಮೇಲೆ ಕೂಡಿಸಿದ್ದೇನೆ. ಡಿಎಸ್‌ಎಲ್‌ಆರ್‌ನಲ್ಲಿ ಬಾರ್ಲೋ ಇಲ್ಲದೆ ಫೋಕಸ್ ಸಿಕ್ಕಿತು! ಚಿಕ್ಕ ಕನ್ನಡಿ 47 ಮಿ.ಮೀ. ಇದೆ.

ಮಹಾವ್ಯಾಧದ ನೀಹಾರಿಕೆಯನ್ನು 30 ಸೆಕೆಂಡಿನ ಚೌಕಟ್ಟುಗಳಲ್ಲಿ ತೆಗೆದೆ. ರೆಕ್ಕೆಗಳೆರಡೂ ಕಂಡವು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮೂರು ಮೂಲೆಗಳಲ್ಲಿ ನಕ್ಷತ್ರಗಳು ದುಂಡಗಿವೆ, ಕೆಳಗಿನ ಎಡಮೂಲೆಯಲ್ಲಿ ಮಾತ್ರ ಉದ್ದವಾಗಿವೆ. ಹೊಳಪಿನ ನಕ್ಷತ್ರಗಳ ಒಂದು ಬದಿಯನ್ನು ಯಾರೋ ಕಚ್ಚಿ ತೆಗೆದಂತೆ ಕಾಣುತ್ತದೆ. ರಾತ್ರಿ ಕಳೆಯುತ್ತ ಹೋದಂತೆ ನಕ್ಷತ್ರಗಳು ದಪ್ಪಗಾಗುತ್ತಾ ಹೋದವು. ಲೇಸರ್ ಇಟ್ಟು ಕಾಲಿಮೇಷನ್ ಮಾಡಿದ್ದೆ.

ಬಾನಂಗಳ ಉತ್ತರ:

ರೆಕ್ಕೆಗಳು ಕಂಡವು ಎಂದು ಓದಿ ಬಹಳ ಸಂತೋಷವಾಯಿತು. ಈಗ ಚಿತ್ರವೇ ನಿಮ್ಮ ಗುರು. ನಕ್ಷತ್ರದ ಆಕಾರ ಓದಲು ಕಲಿತರೆ ಯಾವ ತಿರುಪು ಮುಟ್ಟಬೇಕೆಂದು ಅದೇ ಹೇಳುತ್ತದೆ. ಚೌಕಟ್ಟಿನ ಎಲ್ಲೆಡೆ ನಕ್ಷತ್ರಗಳು ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೌಂಟ್, ಧ್ರುವ ಹೊಂದಾಣಿಕೆ ಅಥವಾ ಗಾಳಿ. ನಾಲ್ಕೂ ಮೂಲೆಗಳಲ್ಲಿ ನಡುವಿನಿಂದ ಹೊರಮುಖವಾಗಿ ಅಥವಾ ನಡುವನ್ನು ಸುತ್ತುವರಿದಂತೆ ಎಳೆದುಕೊಂಡಿದ್ದರೆ ಕರೆಕ್ಟರಿನಿಂದ ಸೆನ್ಸರಿಗೆ ಇರುವ ಅಂತರ ತಪ್ಪಿದೆ. ನಿಮ್ಮ ಹಾಗೆ ಒಂದೇ ಮೂಲೆ ಕೆಟ್ಟಿದ್ದರೆ ಎಲ್ಲೋ ಓರೆಯಿದೆ. ಎಲ್ಲಿ ಎಂದು ಪತ್ತೆ ಮಾಡಲು ಕ್ಯಾಮೆರಾವನ್ನು ಫೋಕಸರಿನಲ್ಲಿ 90 ಡಿಗ್ರಿ ತಿರುಗಿಸಿ ಮತ್ತೊಂದು ಚಿತ್ರ ತೆಗೆಯಿರಿ. ಚಿತ್ರದಲ್ಲಿ ಅದೇ ಕೆಳಗಿನ ಎಡಮೂಲೆಯೇ ಕೆಟ್ಟಿದ್ದರೆ ಓರೆ ಕ್ಯಾಮೆರಾದ ಕಡೆ, ಅಂದರೆ ಟಿ-ರಿಂಗಿನಲ್ಲೋ ಸೆನ್ಸರಿನಲ್ಲೋ ಇದೆ. ಕೆಟ್ಟ ಮೂಲೆ ಚೌಕಟ್ಟಿನಲ್ಲಿ ಬೇರೆಡೆಗೆ ಸರಿದರೆ ಫೋಕಸರ್ ಬಾಗುತ್ತಿದೆ, ಇಲ್ಲವೇ ಕಾಲಿಮೇಷನ್ ತಪ್ಪಿದೆ.

ಗುರುಶನಿ ಅವರು ನೆನಪಿಸಿದ್ದು ಸರಿ, ಕಾಲಿಮೇಷನ್ ಬಗ್ಗೆ ವಿಸ್ತಾರವಾಗಿಯೇ ಬರೆಯಬೇಕು. ಎಫ್/5 ಕನ್ನಡಿಯಲ್ಲಿ ಕೋಮಾದ ಕಾಟವಿಲ್ಲದ ವೃತ್ತದ ಅಡ್ಡಳತೆ ಸುಮಾರು 2.8 ಮಿ.ಮೀ. ಮಾತ್ರ, ಎಫ್/4ರಲ್ಲಿ 1.4. ಆ ಪುಟ್ಟ ವೃತ್ತ ಸೆನ್ಸರಿನ ನಡುವೆಯೇ, ಕರೆಕ್ಟರಿನ ಅಕ್ಷದ ಮೇಲೆಯೇ ಇರಬೇಕು. ಲೇಸರನ್ನು ನಂಬುವ ಮೊದಲು ಲೇಸರನ್ನೇ ಪರೀಕ್ಷಿಸಿ: ಫೋಕಸರಿನಲ್ಲಿ ಅದನ್ನು ನಿಧಾನವಾಗಿ ಸುತ್ತಿಸಿದಾಗ ಕನ್ನಡಿಯ ಮೇಲಿನ ಕೆಂಪು ಚುಕ್ಕೆ ನಿಂತಲ್ಲೇ ನಿಲ್ಲಬೇಕು. ಅದೂ ಸುತ್ತಿದರೆ ಲೇಸರೇ ಓರೆ. ನಾನು ಚೆಶೈರ್ ಐಪೀಸನ್ನೇ (ಇಣುಕುಕಿಂಡಿಯ ಸುತ್ತ ಹೊಳಪಿನ ವೃತ್ತವಿರುವ ಕಾಲಿಮೇಷನ್ ಸಲಕರಣೆ) ಹೆಚ್ಚು ನಂಬುತ್ತೇನೆ. ಮೊದಲು ಚಿಕ್ಕ ಕನ್ನಡಿ ಫೋಕಸರಿನ ನೇರಕ್ಕೆ ದುಂಡಗೆ ಕಾಣುವಂತೆ ಕೂರಿಸಿ. ಆಮೇಲೆ ಅದರ ತಿರುಪುಗಳಿಂದ ಪ್ರಧಾನ ಕನ್ನಡಿಯ ನಡುವೆ ಅಂಟಿಸಿರುವ ಉಂಗುರದ ಗುರುತನ್ನು ನೋಟದ ನಡುವಿಗೆ ತನ್ನಿ. ಕೊನೆಗೆ ಹಿಂದಿನ ತಿರುಪುಗಳಿಂದ ಪ್ರಧಾನ ಕನ್ನಡಿಯನ್ನು ವಾಲಿಸಿ ಚೆಶೈರಿನ ಹೊಳಪಿನ ವೃತ್ತವನ್ನು ಆ ಗುರುತಿನ ಮೇಲೆ ಕೂಡಿಸಿ. ಚಿಕ್ಕ ಕನ್ನಡಿಯ ತಿರುಪು ಮುಟ್ಟುವಾಗ ಕೊಳವೆ ಅಡ್ಡಡ್ಡವಾಗಿರಲಿ, ಜಾರಿದ ಸ್ಕ್ರೂಡ್ರೈವರ್ ಪ್ರಧಾನ ಕನ್ನಡಿಯ ಮೇಲೆ ಬೀಳಬಾರದು. ಅಂತಿಮ ಹೊಂದಾಣಿಕೆಯನ್ನು ಮಾತ್ರ ನೀವು ಚಿತ್ರ ತೆಗೆಯಲಿರುವ ಎತ್ತರಕ್ಕೆ ಕೊಳವೆಯನ್ನು ಏರಿಸಿ ಪರಿಶೀಲಿಸಿ. ಅಡ್ಡಲಾಗಿದ್ದಾಗ ಸರಿಯಿದ್ದ ಕನ್ನಡಿ ಮೇಲೆತ್ತಿದಾಗ ತಟ್ಟೆಯಲ್ಲಿ ಕೊಂಚ ಜಗ್ಗುತ್ತದೆ. ಬೀಗುವ ತಿರುಪುಗಳನ್ನು, ಕನ್ನಡಿ ಹಿಡಿದಿರುವ ಕ್ಲಿಪ್ಪುಗಳನ್ನು ಬಿಗಿಯಾಗಿ ಹಿಂಡಬೇಡಿ; ಹಿಂಡಿದ ಕನ್ನಡಿಯ ನಕ್ಷತ್ರಗಳು ತ್ರಿಕೋನವಾಗುತ್ತವೆ.

ಕಚ್ಚಿದ ಗುರುತಿಗೆ ಕಾರಣ ಬಹುಶಃ ಫೋಕಸರಿನ ಒಳಕೊಳವೆ. ಅದು ಒಳಗೆ ಚಾಚಿಕೊಂಡು ಬೆಳಕಿನ ದಾರಿಗೆ ಅಡ್ಡ ನಿಂತರೆ ನಕ್ಷತ್ರದ ಒಂದು ಬದಿಯಲ್ಲಿ ಹೀಗೆ ಕಚ್ಚು ಬೀಳುತ್ತದೆ. ಮೂರು ಕಡೆ ಸಮನಾಗಿ ಕಂಡಿದ್ದರೆ ಕನ್ನಡಿಯ ಮೂರು ಕ್ಲಿಪ್ಪುಗಳ ಕೆಲಸ ಎನ್ನುತ್ತಿದ್ದೆ. ಫೋಕಸ್ ಸಿಕ್ಕಿದ ಸ್ಥಿತಿಯಲ್ಲೇ ಬಿಟ್ಟು ಕೊಳವೆಯ ಮುಂಬಾಯಿಯಿಂದ ಇಣುಕಿ ನೋಡಿ, ಎಷ್ಟು ಚಾಚಿದೆ ಎಂದು ಗೊತ್ತಾಗುತ್ತದೆ. ಕನ್ನಡಿಯನ್ನು ಇನ್ನೂ ಅಷ್ಟೇ ಮೇಲೆ ಸರಿಸಿದರೆ ಒಳಕೊಳವೆ ಹಿಂದೆ ಸರಿಯುತ್ತದೆ, ಆದರೆ 47 ಮಿ.ಮೀ.ನ ಚಿಕ್ಕ ಕನ್ನಡಿಗೆ ನಾಲ್ಕೈದು ಮಿ.ಮೀ.ಗಿಂತ ಹೆಚ್ಚು ಸರಿಸುವುದು ನನಗೆ ಹಿಡಿಸದು. ಹೆಚ್ಚು ಬೇಕಿದ್ದರೆ ಒಳಕೊಳವೆಯ ತುದಿಯನ್ನೇ ಕತ್ತರಿಸಿ, ಅಂಚಿಗೆ ಮಸಿಗಪ್ಪು ಬಣ್ಣ ಬಳಿಯಿರಿ. ಹೊಳೆಯುವ ಅಂಚು ಬಿಡಬೇಡಿ. ಎಲ್ಲ ಹೊಳಪಿನ ನಕ್ಷತ್ರಗಳಿಗೂ ಬರುವ ನಾಲ್ಕು ಕಿರಣಗಳು ಚಿಕ್ಕ ಕನ್ನಡಿ ಹೊತ್ತ ನಾಲ್ಕು ತೆಳು ಪಟ್ಟಿಗಳದ್ದು, ಅದು ದೋಷವಲ್ಲ. ನನಗಂತೂ ಇಷ್ಟ.

ನಕ್ಷತ್ರ ದಪ್ಪಗಾದದ್ದು ತಾಪಮಾನದ ಕೆಲಸ. ಎಫ್/5ರಲ್ಲಿ ಫೋಕಸಿಗೆ ಇರುವ ಸಡಿಲ ಸುಮಾರು 67 ಮೈಕ್ರಾನ್, ಎಫ್/4ರಲ್ಲಿ 43. ನಿಮ್ಮ 750 ಮಿ.ಮೀ. ಉದ್ದಕ್ಕೆ ಉಕ್ಕಿನ ಕೊಳವೆ ಪ್ರತಿ ಡಿಗ್ರಿ ತಂಪಿಗೆ 9 ಮೈಕ್ರಾನ್ ಕುಗ್ಗುತ್ತದೆ, ಅಲ್ಯೂಮಿನಿಯಂ ಆದರೆ 17. ಸಂಜೆಯಿಂದ ನಡುರಾತ್ರಿಗೆ ಆರು ಡಿಗ್ರಿ ಇಳಿದರೆ ಉಕ್ಕು 54 ಮೈಕ್ರಾನ್ ಸರಿದಿರುತ್ತದೆ. ಅಲ್ಯೂಮಿನಿಯಂ ನೂರು ದಾಟಿರುತ್ತದೆ. ಹಾಗಾಗಿ ಬಹ್ತಿನೋವ್ ಮುಸುಕು (ನಕ್ಷತ್ರದ ಕಿರಣಗಳಿಂದ ಫೋಕಸ್ ತೋರಿಸುವ, ಸೀಳುಗಳಿರುವ ಮುಚ್ಚಳ) ಇಟ್ಟು ಗಂಟೆಗೊಮ್ಮೆ ಫೋಕಸ್ ನೋಡಿ, ಮೊದಲ ಎರಡು ಗಂಟೆಗಳಲ್ಲಿ ಇನ್ನೂ ಬೇಗ ಬೇಗ. ದಪ್ಪ ಗಾಜಿನ ಕನ್ನಡಿ ಹೊರಗಿನ ತಂಪಿಗೆ ಇಳಿಯಲು ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಅದರ ಮೈಮೇಲೆ ಬಿಸಿಗಾಳಿ ಏಳುತ್ತಲೇ ಇರುತ್ತದೆ. ಹಿಂದೆ ಒಂದು ಸಣ್ಣ ಫ್ಯಾನ್ ಕಟ್ಟಿದರೆ ಬೇಗ ತಣಿಯುತ್ತದೆ, ಚಿತ್ರ ತೆಗೆಯುವಾಗ ನಡುಕ ಕಂಡರೆ ನಿಲ್ಲಿಸಿ.

30 ಸೆಕೆಂಡು ದಾಟಿ ಹೋಗಬೇಕಾದಾಗ ಗೈಡಿಂಗ್ (ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟನ್ನು ತಿದ್ದುತ್ತಿರುವುದು) ಬೇಕಾಗುತ್ತದೆ, ಅದನ್ನು ಪ್ರತ್ಯೇಕವಾಗಿ ಕೇಳಿ, ಬರೆಯುತ್ತೇನೆ. ಅದಕ್ಕಿಂತ ಮೊದಲು ಫ್ಲ್ಯಾಟ್ ಚೌಕಟ್ಟುಗಳನ್ನು (ಸಮನಾದ ಬೆಳಕಿನ ಖಾಲಿ ಚಿತ್ರಗಳನ್ನು) ತೆಗೆಯುವುದು ರೂಢಿಯಾಗಲಿ. ಸೆನ್ಸರಿನ ಮೇಲಿನ ಧೂಳಿನ ಉಂಗುರಗಳನ್ನೂ ಮೂಲೆಯ ಮಂಕನ್ನೂ ತೊಳೆಯುವುದು ಅವೇ. ಕ್ಯಾಮೆರಾ ಬಿಚ್ಚುವ ಮುನ್ನ, ಫೋಕಸ್ ಕದಲಿಸದೆ, ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಸಮನಾದ ಬೆಳಕಿಗೆ ಹಿಡಿದು ತೆಗೆಯಿರಿ. ನ್ಯೂಟೋನಿಯನ್‌ನಲ್ಲಿ ಒಂದು ಎಚ್ಚರಿಕೆ: ಕನ್ನಡಿಯ ಹಿಂದಿನ ಸಂದಿಯಿಂದಲೂ ಫೋಕಸರಿನ ಸಂದಿನಿಂದಲೂ ಹೊರಬೆಳಕು ನುಸುಳಿ ಫ್ಲ್ಯಾಟ್ ಕೆಡಿಸುತ್ತದೆ. ಹಿಂಬದಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಕಿಂಡಿಯನ್ನೂ ಮುಚ್ಚಿ.

ಕ್ಯಾಮೆರಾ ತಿರುಗಿಸಿ ತೆಗೆದ ಆ ಎರಡು ಚಿತ್ರಗಳನ್ನು ಕತ್ತರಿಸದೆ, ಸಂಸ್ಕರಿಸದೆ ಇಲ್ಲಿ ಹಾಕಿ. ಓರೆ ಯಾವ ಕಡೆ ಎಂದು ನೋಡಿ ಹೇಳುತ್ತೇನೆ.